ಜೆರಂಡ್ ಕಲಿಯಲು ಮರ್ಫಿಯ ನೀಲಿ ಪುಸ್ತಕ: ಹದಿನಾರು ಘಟಕಗಳ ವಿಮರ್ಶೆ

ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸುವ, ರೇಮಂಡ್ ಮರ್ಫಿ ಅವರ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' ಪುಸ್ತಕವನ್ನು ಇಂಗ್ಲಿಷ್ ಕಲಿಯುವವರೂ ಕಲಿಸುವವರೂ 'ಮರ್ಫಿ' ಎಂದಷ್ಟೇ ಕರೆಯುತ್ತಾರೆ. 1985ರಲ್ಲಿ ಮೊದಲು ಹೊರಬಂದ ಈ ನೀಲಿ ಹೊದಿಕೆಯ ಪುಸ್ತಕದ ಐದನೆಯ ಆವೃತ್ತಿ 2019ರಲ್ಲಿ ಬಂದಿತು. ಅದರಲ್ಲಿರುವ 145 ಘಟಕಗಳ ಪೈಕಿ 53ರಿಂದ 68ರವರೆಗಿನ ಹದಿನಾರನ್ನು ಮಾತ್ರ ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇನೆ. ಇಂಗ್ಲಿಷ್ ಕ್ರಿಯಾಪದಕ್ಕೆ 'ಇಂಗ್' ಸೇರಿಸಿ ಅದನ್ನು ನಾಮಪದದಂತೆ ಬಳಸುವ ರೂಪ, ಅಂದರೆ ನಾವು ಶಾಲೆಯಲ್ಲಿ ಜೆರಂಡ್ ಎಂದು ಕಲಿತದ್ದು, ಮತ್ತು ಅದರ ಪ್ರತಿಸ್ಪರ್ಧಿಯಾದ 'ಟು' ಸೇರಿದ ಇನ್‌ಫಿನಿಟಿವ್, ಇವೆರಡರಲ್ಲಿ ಎಲ್ಲಿ ಯಾವುದು ಬರಬೇಕು ಎಂಬುದೇ ಈ ಹದಿನಾರು ಘಟಕಗಳ ವಿಷಯ. ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ ಈ ಭಾಗವನ್ನು ತರಗತಿಯಲ್ಲಿ ಮತ್ತೆ ಮತ್ತೆ ಬಳಸುವ ಪ್ರಸಂಗ ಬರುತ್ತದೆ. ಆದ್ದರಿಂದ ಕನ್ನಡ ಮಾತೃಭಾಷೆಯ ಕಲಿಕೆಯವರಿಗೆ ಇದು ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ದೃಷ್ಟಿಯಿಂದಲೇ ಬರೆಯುತ್ತಿದ್ದೇನೆ.

ಇದೊಂದೇ ಭಾಗವನ್ನು ಆರಿಸಿಕೊಳ್ಳಲು ಕಾರಣವಿದೆ. ಕಾಲಸೂಚಕ ರೂಪಗಳನ್ನು, ಪ್ಯಾಸಿವ್ ವಾಕ್ಯಗಳನ್ನು ಒಂದಿಷ್ಟು ಶಿಸ್ತಿನಿಂದ ಕಲಿತ ವಿದ್ಯಾರ್ಥಿಯೂ ಕೆಲಸಕ್ಕೆ ಅರ್ಜಿ ಬರೆಯುವಾಗ 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯೂ' ಎಂದು ಮುಗಿಸುತ್ತಾನೆ. ಅಲ್ಲಿ 'ಹಿಯರಿಂಗ್' ಇರಬೇಕಿತ್ತು. 'ಐ ಆಮ್ ಇಂಟರೆಸ್ಟೆಡ್ ಟು ಲರ್ನ್ ಕಂಪ್ಯೂಟರ್', 'ಹಿ ಸಜೆಸ್ಟೆಡ್ ಮಿ ಟು ಟೇಕ್ ಕಾಮರ್ಸ್', 'ಐ ಆಮ್ ಯೂಸ್ಡ್ ಟು ಗೆಟ್ ಅಪ್ ಅರ್ಲಿ' ಎಂಬ ವಾಕ್ಯಗಳು ಸಂದರ್ಶನದ ಕೋಣೆಯಲ್ಲಿ ದಿನನಿತ್ಯ ಕೇಳಿಬರುತ್ತವೆ. ಇವುಗಳ ಅರ್ಥ ಎದುರಿಗಿರುವವರಿಗೆ ಆಗುತ್ತದೆ, ಹಾಗಾಗಿಯೇ ಯಾರೂ ತಿದ್ದುವುದಿಲ್ಲ, ತಪ್ಪು ಬೇರೂರುತ್ತದೆ. ಜೆರಂಡ್ ಎಂದರೇನು ಎಂದು ಕೇಳಿದರೆ ಇದೇ ವಿದ್ಯಾರ್ಥಿಗಳು ವ್ಯಾಖ್ಯೆಯನ್ನು ಗಿಳಿಪಾಠದಂತೆ ಒಪ್ಪಿಸುತ್ತಾರೆ ಎಂಬುದು ಗಮನಿಸಬೇಕಾದ ಸಂಗತಿ. ವ್ಯಾಖ್ಯೆಗೂ ಬಳಕೆಗೂ ನಡುವೆ ಇರುವ ಈ ಕಂದಕವನ್ನು ತುಂಬುವ ಪುಸ್ತಕ ಯಾವುದು ಎಂಬುದೇ ಪ್ರಶ್ನೆ.

ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದದ್ದು ರೆನ್ ಅಂಡ್ ಮಾರ್ಟಿನ್ ಅವರ ವ್ಯಾಕರಣ. ಅದು ಜೆರಂಡ್, ಇನ್‌ಫಿನಿಟಿವ್, ಪಾರ್ಟಿಸಿಪಲ್ (ವಿಶೇಷಣದಂತೆ ಬಳಕೆಯಾಗುವ ಕ್ರಿಯಾರೂಪ)ಗಳನ್ನು ಬೇರೆಬೇರೆ ಅಧ್ಯಾಯಗಳಲ್ಲಿ ಇಟ್ಟು, ಪ್ರತಿಯೊಂದರ ಲಕ್ಷಣ ಹೇಳಿ, ಉದಾಹರಣೆಗಳನ್ನು ಕೊಡುತ್ತದೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಸೂತ್ರ (ನಿಯಮ), ವೃತ್ತಿ (ವಿವರಣೆ), ಪ್ರಯೋಗ (ಉದಾಹರಣೆ)ಗಳ ಕ್ರಮಕ್ಕೆ ಒಗ್ಗಿದ ನಮ್ಮ ಪಂಡಿತ ಪರಂಪರೆಗೆ ಆ ಕ್ರಮ ಪರಕೀಯವೆನಿಸಲಿಲ್ಲ. ಮರ್ಫಿ ಇದರ ತದ್ವಿರುದ್ಧ ದಾರಿ ಹಿಡಿಯುತ್ತಾರೆ. ಈ ಹದಿನಾರು ಘಟಕಗಳ ತಲೆಬರಹಗಳಲ್ಲಿ ಜೆರಂಡ್ ಎಂಬ ಮಾತೇ ಇಲ್ಲ. 'ಇಂಗ್' ಮತ್ತು 'ಟು' ಎಂಬ ಎರಡೇ ಗುರುತುಗಳು. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ. ಒಂದು ಘಟಕವೆಂದರೆ ಎದುರುಬದುರಾದ ಆ ಎರಡು ಪುಟಗಳು, ಅಷ್ಟೆ. ಯಾವ ಕ್ರಿಯಾಪದದ ನಂತರ ಯಾವ ರೂಪ ಬರುತ್ತದೆ ಎಂಬುದನ್ನು ಜೋಡಿ ವಾಕ್ಯಗಳಲ್ಲಿ ತೋರಿಸಿ, ತಪ್ಪುರೂಪವನ್ನು ಪಕ್ಕದಲ್ಲೇ ಇಟ್ಟು ಮುಂದುವರಿಯುತ್ತಾರೆ. ಪಾರಿಭಾಷಿಕ ಪದಗಳ ಭಯವಿರುವ ವಿದ್ಯಾರ್ಥಿಗೆ ಇದು ದೊಡ್ಡ ಉಪಕಾರ.

53ನೆಯ ಘಟಕ 'ಎಂಜಾಯ್', 'ಫಿನಿಶ್', 'ಅವಾಯ್ಡ್', 'ಸಜೆಸ್ಟ್', 'ಡಿನೈ', 'ರಿಸ್ಕ್' ಮುಂತಾದ, 'ಇಂಗ್' ರೂಪವನ್ನೇ ಬೇಡುವ ಕ್ರಿಯಾಪದಗಳಿಗೆ ಮೀಸಲು. 54ನೆಯದು 'ಡಿಸೈಡ್', 'ರಿಫ್ಯೂಸ್', 'ಪ್ರಾಮಿಸ್' ಮುಂತಾದ, 'ಟು' ಬೇಡುವವುಗಳಿಗೆ. ಇಲ್ಲಿ ಪುಸ್ತಕದ ಶಕ್ತಿಯೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಪಟ್ಟಿ ಚಿಕ್ಕದಾಗಿದೆ, ನಿತ್ಯ ಬಳಕೆಯ ಪದಗಳೇ ಇವೆ, ಅನಗತ್ಯವಾದ ಒಂದೂ ಇಲ್ಲ. ಆದರೆ 'ಎಂಜಾಯ್' ಏಕೆ ಈ ಕಡೆ, 'ಡಿಸೈಡ್' ಏಕೆ ಆ ಕಡೆ ಎಂದು ಕೇಳುವ ವಿದ್ಯಾರ್ಥಿಗೆ ಉತ್ತರವಿಲ್ಲ, ಕಂಠಪಾಠ ಮಾಡಿಕೊಳ್ಳಬೇಕು. ಪೂರ್ತಿ ಉತ್ತರ ಇಂಗ್ಲಿಷಿನಲ್ಲೂ ಇಲ್ಲವೆನ್ನುವುದು ನಿಜ. ಆದರೂ ನಿರ್ಧರಿಸು, ಒಪ್ಪು, ಆಶಿಸು, ಮಾತುಕೊಡು ಎಂಬಂತೆ ಮುಂದೆ ನಡೆಯಬೇಕಾದ ಕೆಲಸದ ಕಡೆಗೆ ಮುಖ ಮಾಡಿರುವ ಕ್ರಿಯಾಪದಗಳು ಬಹುಮಟ್ಟಿಗೆ 'ಟು' ಬಯಸುತ್ತವೆ ಎಂಬ ಒಂದು ಸಾಲಿನ ಸೂಚನೆಯನ್ನು ಕೊಟ್ಟಿದ್ದರೆ ಪಟ್ಟಿಯ ಭಾರ ಅರ್ಧ ಇಳಿಯುತ್ತಿತ್ತು. 'ಸಜೆಸ್ಟ್', 'ಕನ್ಸಿಡರ್', 'ಪೋಸ್ಟ್‌ಪೋನ್' ಅಂಥ ಕೆಲವು ಈ ಸೂಚನೆಗೆ ಬಗ್ಗುವುದಿಲ್ಲ. ಅವುಗಳನ್ನು ಮಾತ್ರ ಬೇರೆಯಾಗಿ ನೆನಪಿಟ್ಟುಕೊಂಡರೆ ಸಾಕಿತ್ತು.

ಕನ್ನಡಿಗರ ತೊಡಕು ಈ ಪಟ್ಟಿಗಳ ಬಳಿಯೇ ಆರಂಭವಾಗುತ್ತದೆ. 'ಓದಲು ಶುರು ಮಾಡಿದ', 'ಓದುವುದನ್ನು ಶುರು ಮಾಡಿದ' ಎಂದು ನಾವು ಎರಡೂ ರೀತಿಯಲ್ಲಿ ಹೇಳುತ್ತೇವೆ. 'ಈಜಲು ಇಷ್ಟ', 'ಈಜುವುದು ಇಷ್ಟ' ಎಂಬಲ್ಲಿ ಭೇದವನ್ನೇ ಎಣಿಸುವುದಿಲ್ಲ. 'ಫಿನಿಶ್' ಬಂದಾಗಲಂತೂ ಎರಡನ್ನೂ ಬಿಟ್ಟು 'ಓದಿ ಮುಗಿಸಿದೆ' ಎಂಬ ಮೂರನೆಯ ದಾರಿ ಹಿಡಿಯುತ್ತೇವೆ. 'ಲು' ಪ್ರತ್ಯಯ ಕಂಡಲ್ಲೆಲ್ಲ 'ಟು' ಎಂದು ಮನಸ್ಸಿನಲ್ಲೇ ಪರಿವರ್ತಿಸಿಕೊಳ್ಳುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಚಿಕ್ಕಂದಿನಿಂದಲೇ ಬೆಳೆದಿರುತ್ತದೆ. 'ಐ ಎಂಜಾಯ್ ಟು ರೀಡ್' ಎಂಬ ವಾಕ್ಯ ಹುಟ್ಟುವುದು ಅಲ್ಲಿಂದ. ಮರ್ಫಿಯ ಪುಸ್ತಕ ಜಗತ್ತಿನ ಎಲ್ಲ ಭಾಷೆಗಳವರನ್ನೂ ಒಟ್ಟಿಗೆ ಉದ್ದೇಶಿಸಿದ್ದು, ಆದ್ದರಿಂದ ಈ ತೊಡಕನ್ನು ಅದು ಬಿಡಿಸಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಇದೇ ಕಾರಣಕ್ಕೆ, ಕೇವಲ ಪುಸ್ತಕ ಕೊಟ್ಟು 'ಓದಿಕೊಳ್ಳಿ' ಎಂದರೆ ನಮ್ಮ ವಿದ್ಯಾರ್ಥಿಗೆ ಅರ್ಧ ಲಾಭವೇ ಸಿಗುವುದು.

ಉಳಿದರ್ಧ ಲಾಭ ಎಲ್ಲಿದೆ ಎಂಬುದಕ್ಕೆ 56ನೆಯ ಘಟಕವನ್ನು ತೆರೆದು ನೋಡಬೇಕು. ಇದು 'ರಿಮೆಂಬರ್', 'ರಿಗ್ರೆಟ್', 'ಗೋ ಆನ್' ಎಂಬ ಕ್ರಿಯಾಪದಗಳ ನಂತರ 'ಇಂಗ್' ಬಂದಾಗ ಒಂದು ಅರ್ಥ, 'ಟು' ಬಂದಾಗ ಇನ್ನೊಂದು ಅರ್ಥ ಎಂದು ಜೋಡಿಯಾಗಿ ತೋರಿಸುವ ಘಟಕ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಅತ್ಯಂತ ಕಠಿಣವೆಂದು ದೂರುವ ಪುಟವಿದು. ವಾಸ್ತವದಲ್ಲಿ ಕನ್ನಡಿಗರಿಗೆ ಇದು ಎಲ್ಲಕ್ಕಿಂತ ಸುಲಭವಾಗಬೇಕಾದ ಪುಟ. 'ಕರೆಂಟ್ ಬಿಲ್ ಕಟ್ಟಿದ್ದು ನೆನಪಿದೆ' ಎನ್ನುವುದಕ್ಕೂ 'ಕರೆಂಟ್ ಬಿಲ್ ಕಟ್ಟುವುದನ್ನು ನೆನಪಿಟ್ಟುಕೋ' ಎನ್ನುವುದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದ ಕನ್ನಡಿಗ ಇಲ್ಲ. ಮೊದಲನೆಯದರಲ್ಲಿ ಬಿಲ್ ಕಟ್ಟಿ ಆಗಿದೆ, ಅದರ ನೆನಪಷ್ಟೇ ಈಗ ಉಳಿದಿದೆ. ಇಂಗ್ಲಿಷ್ ಇಲ್ಲಿ 'ಐ ರಿಮೆಂಬರ್ ಪೇಯಿಂಗ್ ದ ಬಿಲ್' ಎನ್ನುತ್ತದೆ. ಎರಡನೆಯದರಲ್ಲಿ ಕೆಲಸ ಇನ್ನೂ ಬಾಕಿ; ಅಲ್ಲಿ 'ರಿಮೆಂಬರ್ ಟು ಪೇ ದ ಬಿಲ್'. ಇಂಗ್ಲಿಷ್ 'ಇಂಗ್' ಮತ್ತು 'ಟು' ಎಂಬ ಎರಡು ರೂಪಗಳಲ್ಲಿ ಅಡಗಿಸಿಟ್ಟಿರುವ ಕಾಲಭೇದವನ್ನು ಕನ್ನಡ ತನ್ನ ಭಾವನಾಮದಲ್ಲೇ, 'ಕಟ್ಟಿದ್ದು' ಮತ್ತು 'ಕಟ್ಟುವುದು' ಎಂದು, ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಿದೆ.

'ರಿಗ್ರೆಟ್' ವಿಚಾರದಲ್ಲೂ ಇದೇ ಕೀಲಿಕೈ ನಡೆಯುತ್ತದೆ. 'ಆ ಕೆಲಸ ಬಿಟ್ಟಿದ್ದಕ್ಕೆ ಪಶ್ಚಾತ್ತಾಪ ಪಡುತ್ತೇನೆ' ಎಂದರೆ ಬಿಟ್ಟಾಗಿದೆ, ಆದ್ದರಿಂದ 'ಐ ರಿಗ್ರೆಟ್ ಲೀವಿಂಗ್ ದಟ್ ಜಾಬ್'. ಕಚೇರಿಯ ಪತ್ರಗಳಲ್ಲಿ ಬರುವ 'ನಿಮ್ಮ ಅರ್ಜಿ ತಿರಸ್ಕೃತವಾಗಿದೆ ಎಂದು ತಿಳಿಸಲು ವಿಷಾದಿಸುತ್ತೇವೆ' ಎಂಬ ಮಾಮೂಲಿ ವಾಕ್ಯದಲ್ಲಿ ತಿಳಿಸುವ ಕೆಲಸ ಆ ಕ್ಷಣದಲ್ಲಿ ಆಗುತ್ತಿದೆ. ಅದಕ್ಕೆ 'ವಿ ರಿಗ್ರೆಟ್ ಟು ಇನ್‌ಫಾರ್ಮ್ ಯೂ'. 'ಗೋ ಆನ್'ನಲ್ಲೂ ಎರಡು ಅರ್ಥಗಳಿವೆ: ಭಾಷಣಕಾರರು ಹಳೆಯ ವಿಷಯವನ್ನೇ ಎಳೆಯುತ್ತಾ ಮಾತಾಡುತ್ತಲೇ ಹೋದರೆ 'ವೆಂಟ್ ಆನ್ ಟಾಕಿಂಗ್', ಒಂದು ವಿಷಯ ಮುಗಿಸಿ ಇನ್ನೊಂದರ ಬಗ್ಗೆ ಮಾತಾಡತೊಡಗಿದರೆ 'ವೆಂಟ್ ಆನ್ ಟು ಟಾಕ್'. ಪುಸ್ತಕದ ಜೋಡಿ ವಾಕ್ಯಗಳ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಇಂಥ ಕನ್ನಡ ಜೋಡಿಗಳನ್ನು ಬರೆಸಿದರೆ, ಅರ್ಧ ಗಂಟೆ ವಿವರಿಸಿದರೂ ಹತ್ತದ ವಿಷಯ ಥಟ್ಟನೆ ಹತ್ತುವುದನ್ನು ನೋಡಿದ್ದೇನೆ. 'ಸ್ಟಾಪ್' ಪದವನ್ನೂ ಇದೇ ಸಾಲಿಗೆ ಸೇರಿಸಿ ಕಲಿಸುವುದು ಒಳ್ಳೆಯದು: 'ಟೀ ಕುಡಿಯುವುದನ್ನು ನಿಲ್ಲಿಸಿದರು' ಎಂದರೆ 'ಸ್ಟಾಪ್ಡ್ ಡ್ರಿಂಕಿಂಗ್ ಟೀ', 'ಟೀ ಕುಡಿಯಲು ನಿಂತರು' ಎಂದರೆ 'ಸ್ಟಾಪ್ಡ್ ಟು ಡ್ರಿಂಕ್ ಟೀ'. ಒಂದರಲ್ಲಿ ಟೀ ಬಿಟ್ಟರು, ಇನ್ನೊಂದರಲ್ಲಿ ಟೀಗಾಗಿ ಬೈಕ್ ನಿಲ್ಲಿಸಿದರು. ಆದರೆ ಇಲ್ಲಿ 'ಕುಡಿಯುವುದನ್ನು' ಎಂಬ ರೂಪಕ್ಕೇ 'ಇಂಗ್' ಬಂದಿದೆ ಎಂಬುದನ್ನು ಗಮನಿಸಬೇಕು; 'ಕಟ್ಟಿದ್ದು', 'ಕಟ್ಟುವುದು' ಎಂಬ ಭೇದ ನೆನಪು, ಮರೆವು, ವಿಷಾದಗಳ ಮಟ್ಟಿಗೆ ಮಾತ್ರ ಕೈಹಿಡಿಯುತ್ತದೆ.

57ನೆಯ ಘಟಕದ 'ಟ್ರೈ' ನನಗೆ ಇನ್ನೂ ಇಷ್ಟವಾದದ್ದು. 'ಟ್ರೈ ಟು ಡೂ' ಎಂದರೆ ಶ್ರಮವಹಿಸಿ ಪ್ರಯತ್ನಿಸುವುದು, 'ಟ್ರೈ ಡೂಯಿಂಗ್' ಎಂದರೆ ಫಲ ಏನಾಗುತ್ತದೋ ಎಂದು ಒಮ್ಮೆ ಮಾಡಿನೋಡುವುದು ಎಂದು ಪುಸ್ತಕ ಬಿಡಿಸಿ ಹೇಳುತ್ತದೆ. ನಮ್ಮಲ್ಲಿ ಈ ಎರಡನೆಯ ಅರ್ಥಕ್ಕೆಂದೇ 'ನೋಡು' ಎಂಬ ಸಹಾಯಕ ಕ್ರಿಯಾಪದವಿದೆ. 'ಕೇಳಿ ನೋಡು', 'ತಿಂದು ನೋಡು', 'ಮೊಬೈಲ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡು'. ಕನ್ನಡದಲ್ಲಿ 'ನೋಡು' ಹಚ್ಚಲು ಬರುವ ಇಂಥ ಕಡೆ 'ಟ್ರೈ'ಯ ನಂತರ 'ಇಂಗ್'. 'ಪ್ರಯತ್ನಪಟ್ಟೆ, ಆಗಲಿಲ್ಲ' ಎನ್ನುವ ಕಡೆ 'ಟು'. ಇದೇ ಘಟಕದಲ್ಲಿ 'ಕಾಂಟ್ ಹೆಲ್ಪ್' ನಂತರ 'ಇಂಗ್' ಬರುವ ವಿಷಯವೂ ಇದೆ. ಅದನ್ನು 'ಸಹಾಯ ಮಾಡಲಾರೆ' ಎಂದು ಅರ್ಥ ಮಾಡಿಕೊಂಡು ದಾರಿ ತಪ್ಪುವವರೇ ಹೆಚ್ಚು; 'ನಗದೆ ಇರಲಾಗಲಿಲ್ಲ' ಎಂಬ ನಮ್ಮ ಮಾತೇ 'ಐ ಕುಡಂಟ್ ಹೆಲ್ಪ್ ಲಾಫಿಂಗ್' ಎಂದು ತೋರಿಸಿಕೊಟ್ಟರೆ ಸಾಕು. 'ನೀಡ್' ನಂತರ 'ಇಂಗ್' ಬಂದಾಗ ಕರ್ಮಣಿ ಅರ್ಥ ಬರುತ್ತದೆ ಎಂಬ ಅಂಶವೂ ಇಲ್ಲಿಯೇ ಇದೆ: 'ದ ಟ್ಯಾಂಕ್ ನೀಡ್ಸ್ ಕ್ಲೀನಿಂಗ್' ಎಂದರೆ ಟ್ಯಾಂಕನ್ನು ಯಾರಾದರೂ ತೊಳೆಯಬೇಕು, ಟ್ಯಾಂಕೇ ಏನನ್ನೋ ತೊಳೆಯುವುದಲ್ಲ. ಒಂದು ಪುಟದಲ್ಲಿ ಇಷ್ಟೆಲ್ಲ ವಿಷಯವನ್ನು ಉಸಿರುಗಟ್ಟಿಸದಂತೆ ಕೂರಿಸಿರುವ ಜಾಣ್ಮೆಯನ್ನು ಮೆಚ್ಚಲೇಬೇಕು.

58 ಮತ್ತು 59ನೆಯ ಘಟಕಗಳು 'ಲೈಕ್', 'ವುಡ್ ಲೈಕ್', 'ಪ್ರಿಫರ್'ಗಳ ಕುರಿತಾದವು. 'ವುಡ್ ಲೈಕ್' ನಂತರ 'ಟು' ಮಾತ್ರ ಬರುತ್ತದೆ ಎಂಬುದೊಂದನ್ನು ಹಿಡಿದುಕೊಂಡರೆ ಇವನ್ನು ಬೇಗ ದಾಟಬಹುದು.

ನನ್ನ ದೃಷ್ಟಿಯಲ್ಲಿ ಈ ಭಾಗದ ಅತಿ ಬೆಲೆಬಾಳುವ ಪುಟವೆಂದರೆ 60ನೆಯ ಘಟಕ. ಪ್ರಿಪೊಸಿಷನ್ ('ಇನ್', 'ಅಟ್', 'ಆಫ್'ನಂಥ, ನಾಮಪದಕ್ಕೆ ಮೊದಲು ಬರುವ ಸಂಬಂಧಸೂಚಕ ಪದ) ನಂತರ ಕ್ರಿಯಾಪದ ಬಂದರೆ ಅದು 'ಇಂಗ್' ರೂಪದಲ್ಲೇ ಇರಬೇಕು ಎಂಬ ಒಂದೇ ನಿಯಮ ಇಲ್ಲಿದೆ. ಅಪವಾದವೇ ಇಲ್ಲವೆನ್ನುವಷ್ಟು ಗಟ್ಟಿಯಾದ ನಿಯಮ ಇಂಗ್ಲಿಷ್ ವ್ಯಾಕರಣದಲ್ಲಿ ಸಿಗುವುದು ಅಪರೂಪ, ಆದ್ದರಿಂದ ಸಿಕ್ಕಾಗ ಬಿಗಿಯಾಗಿ ಹಿಡಿದುಕೊಳ್ಳಬೇಕು. 'ಇಂಟರೆಸ್ಟೆಡ್ ಇನ್ ಲರ್ನಿಂಗ್', 'ಗುಡ್ ಅಟ್ ಡ್ರಾಯಿಂಗ್', 'ವಿದೌಟ್ ಟೆಲಿಂಗ್', 'ಬಿಫೋರ್ ಗೋಯಿಂಗ್', 'ಇನ್‌ಸ್ಟೆಡ್ ಆಫ್ ವೇಟಿಂಗ್' ಎಲ್ಲವೂ ಈ ಒಂದೇ ಕೊಡೆಯಡಿ ಬರುತ್ತವೆ. ಕನ್ನಡದಲ್ಲಿ ಪ್ರಿಪೊಸಿಷನ್ ಎಂಬ ವರ್ಗವೇ ಇಲ್ಲ. 'ಹೇಳದೆ', 'ಹೋಗುವ ಮೊದಲು', 'ಕಾಯುವ ಬದಲು' ಎಂದು ನಾವು ನಿಷೇಧ ಕೃದಂತದಿಂದಲೋ, ನಂತರ ಬರುವ ಅವ್ಯಯದಿಂದಲೋ ಕೆಲಸ ಸಾಧಿಸುತ್ತೇವೆ. ಹೀಗಾಗಿ ನಮ್ಮವರಿಗೆ ಪ್ರಿಪೊಸಿಷನ್ ಕಣ್ಣಿಗೆ ಬಿದ್ದರೂ ಅದು ಮುಂದಿನ ಕ್ರಿಯಾಪದದ ರೂಪವನ್ನು ಬದಲಿಸುತ್ತದೆ ಎಂಬುದು ಹೊಳೆಯುವುದಿಲ್ಲ.

ಅದೇ ಘಟಕದ ಕೊನೆಗೆ ಮರ್ಫಿ 'ಟು' ಪದದ ಎರಡು ವೇಷಗಳನ್ನು ಬಯಲು ಮಾಡುತ್ತಾರೆ. 'ಐ ವಾಂಟ್ ಟು ಗೋ' ಎಂಬಲ್ಲಿರುವ 'ಟು' ಇನ್‌ಫಿನಿಟಿವಿನ ಭಾಗ. 'ಐ ಲುಕ್ ಫಾರ್ವರ್ಡ್ ಟು' ಎಂಬಲ್ಲಿರುವ 'ಟು' ಶುದ್ಧ ಪ್ರಿಪೊಸಿಷನ್. ಇವನ್ನು ಬೇರ್ಪಡಿಸುವ ಪರೀಕ್ಷೆ ಸರಳ: 'ಟು' ನಂತರದ ಕ್ರಿಯಾಪದವನ್ನು ತೆಗೆದು ಒಂದು ನಾಮಪದವನ್ನು ಇಟ್ಟು ನೋಡಬೇಕು. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ದ ಹಾಲಿಡೇಸ್' ಎಂಬುದು ಸರಿಯಾದ ವಾಕ್ಯ, ಆದ್ದರಿಂದ ಅಲ್ಲಿ ಕ್ರಿಯಾಪದ ಬಂದರೆ 'ಮೀಟಿಂಗ್', 'ಹಿಯರಿಂಗ್' ಎಂದೇ ಬರಬೇಕು. 'ಐ ವಾಂಟ್ ಟು ದ ಹಾಲಿಡೇಸ್' ಎಂದು ಯಾರೂ ಹೇಳುವುದಿಲ್ಲ, ಆದ್ದರಿಂದ ಅಲ್ಲಿ ಮೂಲರೂಪ. ಅರ್ಜಿ ಮತ್ತು ಇಮೇಲ್‌ಗಳ ಕೊನೆಯ ಸಾಲು ಕೆಡುವುದು ಈ ಒಂದು ಗೊಂದಲದಿಂದ. ಈ ಪುಟವನ್ನು ಓದಿದವರು ಆ ತಪ್ಪನ್ನು ಮತ್ತೆ ಮಾಡುವುದು ಕಡಿಮೆ. 61ನೆಯ ಘಟಕ ಇದರ ಬೆನ್ನಿಗೇ ಬರುವುದು ಯೋಜನೆಯ ಸೊಗಸು. 'ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ' ಎಂದರೆ ಹಿಂದೆ ಬೇಗ ಏಳುತ್ತಿದ್ದೆ, ಈಗಿಲ್ಲ. 'ಐ ಆಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ' ಎಂದರೆ ಬೇಗ ಏಳುವುದು ನನಗೆ ರೂಢಿಯಾಗಿದೆ. ಸಂದರ್ಶನದಲ್ಲಿ ಮೊದಲನೆಯದನ್ನು ಎರಡನೆಯದರ ಅರ್ಥದಲ್ಲಿ ಹೇಳಿದರೆ, ಇದ್ದ ಒಳ್ಳೆಯ ಅಭ್ಯಾಸವನ್ನು ಬಿಟ್ಟಿದ್ದೇನೆ ಎಂದು ಹೇಳಿಕೊಂಡಂತಾಗುತ್ತದೆ.

62ನೆಯ ಘಟಕ 'ಸಕ್ಸೀಡ್ ಇನ್', 'ಇನ್‌ಸಿಸ್ಟ್ ಆನ್', 'ಪ್ರಿವೆಂಟ್ ಫ್ರಮ್', 'ಥ್ಯಾಂಕ್ ಫಾರ್' ಮುಂತಾದ ಜೋಡಿಗಳನ್ನು ಕೊಡುತ್ತದೆ. ಇಲ್ಲಿ ಕಲಿಯಬೇಕಾದದ್ದು ಯಾವ ಕ್ರಿಯಾಪದಕ್ಕೆ ಯಾವ ಪ್ರಿಪೊಸಿಷನ್ ಎಂಬುದನ್ನು; 'ಇಂಗ್' ತಾನಾಗಿಯೇ ಹಿಂಬಾಲಿಸುತ್ತದೆ. 63ನೆಯದು 'ವರ್ತ್', 'ನೋ ಪಾಯಿಂಟ್ ಇನ್', 'ಬಿಸಿ', 'ಸ್ಪೆಂಡ್ ಟೈಮ್' ಮುಂತಾದ ನುಡಿಗಟ್ಟುಗಳ ಪುಟ. ನಾವು ಸಲೀಸಾಗಿ ಹೇಳುವ 'ಗೋ ಫಾರ್ ಶಾಪಿಂಗ್', 'ಗೋ ಫಾರ್ ಸ್ವಿಮ್ಮಿಂಗ್' ಎಂಬಲ್ಲಿ 'ಫಾರ್' ಬೇಕಿಲ್ಲ, 'ಗೋ ಶಾಪಿಂಗ್' ಸಾಕು ಎಂಬುದು ಇಲ್ಲಿ ತಿಳಿಯುತ್ತದೆ. 66ನೆಯ ಘಟಕದ 'ಅಫ್ರೇಡ್ ಟು' ಮತ್ತು 'ಅಫ್ರೇಡ್ ಆಫ್' ಭೇದ ಸೂಕ್ಷ್ಮವಾದದ್ದು: ಕತ್ತಲಲ್ಲಿ ಹೊರಗೆ ಹೋಗಲು ಹೆದರುವವನು 'ಅಫ್ರೇಡ್ ಟು ಗೋ ಔಟ್', ಹೋದರೆ ಎಡವಿ ಬಿದ್ದೇನು ಎಂಬ ಆತಂಕದವನು 'ಅಫ್ರೇಡ್ ಆಫ್ ಫಾಲಿಂಗ್'. ಮೊದಲನೆಯದು ಮಾಡಲು ಮನಸ್ಸಿಲ್ಲದ ಕೆಲಸ, ಎರಡನೆಯದು ತನ್ನಿಚ್ಛೆಯಿಲ್ಲದೆ ಆಗಬಹುದಾದ ಅನಾಹುತ.

ಇನ್ನು ಆಕ್ಷೇಪಗಳು. ಕನ್ನಡಿಗರ ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವ ಕ್ರಿಯಾಪದ 'ಸಜೆಸ್ಟ್'. 'ಡಾಕ್ಟರ ಬಳಿ ಹೋಗಲು ನನಗೆ ಸೂಚಿಸಿದರು' ಎಂಬ ಕನ್ನಡ ವಾಕ್ಯದ ಅಚ್ಚಿನಲ್ಲೇ 'ಹಿ ಸಜೆಸ್ಟೆಡ್ ಮಿ ಟು ಗೋ' ಎರಕಗೊಳ್ಳುತ್ತದೆ. ಸರಿಯಾದದ್ದು 'ಹಿ ಸಜೆಸ್ಟೆಡ್ ಗೋಯಿಂಗ್' ಅಥವಾ 'ಹಿ ಸಜೆಸ್ಟೆಡ್ ದಟ್ ಐ ಗೋ'. ಇದರ ಒಂದು ಭಾಗ 53ನೆಯ ಘಟಕದಲ್ಲಿ, ಇನ್ನೊಂದು ಭಾಗ ಎಷ್ಟೋ ಪುಟಗಳ ಹಿಂದೆ ಮೋಡಲ್ ('ಕ್ಯಾನ್', 'ಶುಡ್'ನಂಥ ಸಹಾಯಕ) ಕ್ರಿಯಾಪದಗಳ ವಿಭಾಗದಲ್ಲಿ ಇದೆ. ಎರಡನ್ನೂ ಒಂದೆಡೆ ಕೂಡಿಸುವ ಕೆಲಸ ಓದುಗನದ್ದೇ. 'ಅಡ್ವೈಸ್', 'ಅಲೌ'ಗಳ ವಿಷಯ 55ನೆಯ ಘಟಕದಲ್ಲಿ ಬರುತ್ತದೆ: ವ್ಯಕ್ತಿಯ ಹೆಸರಿಲ್ಲದಿದ್ದರೆ 'ಇಂಗ್', ವ್ಯಕ್ತಿ ಬಂದರೆ 'ಟು'. 'ದೆ ಡೋಂಟ್ ಅಲೌ ಸ್ಮೋಕಿಂಗ್' ಸರಿ, 'ದೆ ಡೋಂಟ್ ಅಲೌ ಅಸ್ ಟು ಸ್ಮೋಕ್' ಸಹ ಸರಿ. 'ಸಜೆಸ್ಟ್' ಈ ಎರಡನೆಯ ಸ್ವಾತಂತ್ರ್ಯವನ್ನು ಪಡೆದಿಲ್ಲ ಎಂಬುದನ್ನು ಅಲ್ಲೇ ಎದುರುಬದುರು ಇಟ್ಟಿದ್ದರೆ ನಮ್ಮಂಥವರಿಗೆ ಬಹಳ ಅನುಕೂಲವಾಗುತ್ತಿತ್ತು.

ವಾಕ್ಯದ ಕರ್ತೃಸ್ಥಾನದಲ್ಲಿ ಬರುವ ಜೆರಂಡಿಗೆ ಈ ಭಾಗದಲ್ಲಿ ಪ್ರತ್ಯೇಕ ಘಟಕವಿಲ್ಲದಿರುವುದು ಇನ್ನೊಂದು ಕೊರತೆ. 'ಇಂಗ್ಲಿಷ್ ಕಲಿಯುವುದು ಕಷ್ಟವಲ್ಲ' ಎಂಬ ನಮ್ಮ ವಾಕ್ಯರಚನೆಗೂ ಇಂಗ್ಲಿಷಿನ ರಚನೆಗೂ ಇಲ್ಲಿ ಹೊಂದಾಣಿಕೆ ಇರುವುದರಿಂದ ವಾಕ್ಯ ಕಟ್ಟಲು ತೊಂದರೆಯಾಗದು. ತೊಂದರೆ ಆಗುವುದು 'ರೀಡಿಂಗ್ ಓಲ್ಡ್ ನ್ಯೂಸ್‌ಪೇಪರ್ಸ್' ಎಂದು ಶುರುಮಾಡಿ, ಹತ್ತಿರದಲ್ಲಿರುವ ಬಹುವಚನವನ್ನು ಕಂಡು 'ಆರ್' ಎಂದು ಬರೆದುಬಿಡುವಾಗ. ಓದುವುದು ಒಂದೇ ಕೆಲಸ, ಪತ್ರಿಕೆಗಳೆಷ್ಟಿದ್ದರೂ ಕ್ರಿಯಾಪದ 'ಈಸ್' ಆಗಿಯೇ ಇರಬೇಕು.

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರು ಈ ಪುಸ್ತಕವೊಂದನ್ನೇ ನೆಚ್ಚಬಾರದು ಎಂಬ ಎಚ್ಚರಿಕೆಯನ್ನು ಸ್ಪಷ್ಟವಾಗಿ ಕೊಡಬೇಕು. ಗೆರೆ ಎಳೆದ ಪದ ಜೆರಂಡೋ ಪಾರ್ಟಿಸಿಪಲ್ಲೋ ಎಂದು ಗುರುತಿಸುವ ಪ್ರಶ್ನೆಗೆ ಮರ್ಫಿ ಸಿದ್ಧಪಡಿಸುವುದಿಲ್ಲ. ಅವರ ಮಟ್ಟಿಗೆ ಎರಡೂ 'ಇಂಗ್'. 67 ಮತ್ತು 68ನೆಯ ಘಟಕಗಳಲ್ಲಿ ಬರುವ, ಒಬ್ಬರು ಏನನ್ನೋ ಮಾಡುತ್ತಿರುವುದನ್ನು ಕಂಡೆ ಎಂಬಂಥ ವಾಕ್ಯಗಳೂ, ಎರಡು ಕ್ರಿಯೆಗಳನ್ನು ಜೋಡಿಸುವ ವಾಕ್ಯಗಳೂ ಸಾಂಪ್ರದಾಯಿಕ ಲೆಕ್ಕದಲ್ಲಿ ಪಾರ್ಟಿಸಿಪಲ್‌ಗೆ ಸೇರಿದವು, ಆದರೆ ಜೆರಂಡಿನ ಘಟಕಗಳ ಜೊತೆಗೇ ಅವಕ್ಕೆ ಜಾಗ ಸಿಕ್ಕಿದೆ. 'ಸ್ಲೀಪಿಂಗ್ ಚೈಲ್ಡ್' ಎಂದರೆ ಮಲಗಿರುವ ಮಗು, 'ಸ್ಲೀಪಿಂಗ್ ಬ್ಯಾಗ್' ಎಂದರೆ ಮಲಗುವುದಕ್ಕಾಗಿ ಇರುವ ಚೀಲ. ಚೀಲವೇನೂ ನಿದ್ದೆ ಮಾಡುತ್ತಿಲ್ಲ. ಮೊದಲನೆಯದು ಪಾರ್ಟಿಸಿಪಲ್, ಎರಡನೆಯದು ಜೆರಂಡ್ ಎಂಬ ಈ ಬಗೆಯ ವಿವೇಚನೆಗೆ ರೆನ್ ಅಂಡ್ ಮಾರ್ಟಿನ್ ಕಡೆಗೇ ಹೋಗಬೇಕು. 'ಹಿಸ್ ಕಮಿಂಗ್ ಲೇಟ್' ಎಂದು ಜೆರಂಡಿಗೆ ಮೊದಲು ಷಷ್ಠೀ ವಿಭಕ್ತಿ ಬರಬೇಕೋ, 'ಹಿಮ್ ಕಮಿಂಗ್ ಲೇಟ್' ನಡೆಯುತ್ತದೆಯೋ ಎಂಬ ಪ್ರಶ್ನೆಗೂ ಮರ್ಫಿಯಲ್ಲಿ ಪ್ರತ್ಯೇಕ ಘಟಕವಿಲ್ಲ. ಮಾತಿನಲ್ಲಿ ಎರಡೂ ನಡೆಯುತ್ತವೆ, ಔಪಚಾರಿಕ ಬರವಣಿಗೆಯಲ್ಲಿ ಮೊದಲನೆಯದಕ್ಕೆ ಮನ್ನಣೆ, ಪರೀಕ್ಷೆಯಲ್ಲಿ ಮೊದಲನೆಯದಕ್ಕೇ ಅಂಕ ಸಿಗುವ ಸಂಭವ ಹೆಚ್ಚು. ಬಳಕೆಯನ್ನು ಕಲಿಯಲು ಒಂದು ಪುಸ್ತಕ, ಹೆಸರಿಸುವುದನ್ನು ಕಲಿಯಲು ಇನ್ನೊಂದು ಎಂಬ ಸ್ಥಿತಿ ಖರ್ಚಿನದ್ದಾದರೂ ಸದ್ಯಕ್ಕೆ ಬೇರೆ ದಾರಿ ಕಾಣುವುದಿಲ್ಲ.

ಅಭ್ಯಾಸಗಳ ರಚನೆಯಲ್ಲಿಯೂ ಒಂದು ದೋಷವಿದೆ. 53ನೆಯ ಘಟಕದ ಬಲಪುಟಕ್ಕೆ ಬಂದ ವಿದ್ಯಾರ್ಥಿಗೆ ಅಲ್ಲಿರುವ ಖಾಲಿ ಜಾಗಗಳಲ್ಲಿ 'ಇಂಗ್' ರೂಪವೇ ಬರುತ್ತದೆಂದು ತಲೆಬರಹ ನೋಡಿದಾಗಲೇ ತಿಳಿದಿರುತ್ತದೆ. ಯೋಚಿಸದೆ ತುಂಬುತ್ತಾನೆ, ಉತ್ತರಗಳ ಪಟ್ಟಿಗೆ ಹೋಲಿಸಿ ಎಲ್ಲವೂ ಸರಿಯೆಂದು ಸಂತೋಷಪಡುತ್ತಾನೆ, ಮರುದಿನ 'ಐ ಅವಾಯ್ಡ್ ಟು ಈಟ್ ಔಟ್‌ಸೈಡ್' ಎಂದು ಬರೆದು ತರುತ್ತಾನೆ. ಈ ಹಗುರತನಕ್ಕೆ ಮದ್ದು ಪುಸ್ತಕದಲ್ಲೇ ಇದೆ, ಆದರೆ ಕೊನೆಯ ಪುಟಗಳಲ್ಲಿ ಅಡಗಿದೆ. ಹಲವು ಘಟಕಗಳ ವಿಷಯವನ್ನು ಬೆರೆಸಿ ಕೇಳುವ ಹೆಚ್ಚುವರಿ ಅಭ್ಯಾಸಗಳು ಹಿಂಬದಿಯಲ್ಲಿದ್ದು, 'ಇಂಗ್' ಮತ್ತು 'ಟು' ಭಾಗಕ್ಕೂ ಅಂಥವು ಇವೆ. ಅಲ್ಲಿ ತಲೆಬರಹದ ಆಸರೆ ಸಿಗುವುದಿಲ್ಲ. ಪ್ರತಿ ವಾಕ್ಯದಲ್ಲೂ ಆಯ್ಕೆ ಮಾಡಲೇಬೇಕು. ಹದಿನಾರೂ ಘಟಕಗಳು ಮುಗಿಯಲಿ ಎಂದು ಕಾಯದೆ, 53ರಿಂದ 57 ಮುಗಿದೊಡನೆ ಒಮ್ಮೆ, 62 ಮುಗಿದ ಮೇಲೆ ಇನ್ನೊಮ್ಮೆ ಆ ಪುಟಗಳಿಗೆ ಹೋಗಿ ಬರುವುದು ನಾನು ಅನುಸರಿಸುವ ಕ್ರಮ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಪುಸ್ತಕದ ಹಿಂಬದಿಯ 'ಸ್ಟಡಿ ಗೈಡ್' ಸಹಾಯಕ: ಒಂದೊಂದು ವಾಕ್ಯಕ್ಕೆ ಉತ್ತರ ಆರಿಸಿದರೆ, ತಪ್ಪಿದಲ್ಲಿ ಯಾವ ಘಟಕ ಓದಬೇಕೆಂದು ಅದು ತೋರಿಸುತ್ತದೆ.

ಪುಸ್ತಕದ ಇಂಗ್ಲಿಷ್ ಬ್ರಿಟಿಷರದ್ದು. 'ಫ್ಯಾನ್ಸಿ' ನಂತರ 'ಇಂಗ್' ಹಚ್ಚುವ ಪ್ರಯೋಗ ನಮ್ಮ ಕಿವಿಗೆ ಬೀಳುವುದು ಕಡಿಮೆ, ಕಲಿಯದಿದ್ದರೂ ನಷ್ಟವಿಲ್ಲ. ಅಮೆರಿಕನ್ ಬಳಕೆಯ ವ್ಯತ್ಯಾಸಗಳಿಗೆ ಹಿಂದೆ ಒಂದು ಅನುಬಂಧವಿದೆ. ವಿವರಣೆಯ ಭಾಷೆ ಸರಳವೇ ಆದರೂ ಪೂರ್ತಿ ಇಂಗ್ಲಿಷಿನಲ್ಲಿರುವುದರಿಂದ, ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ನೇರವಾಗಿ ಇದನ್ನು ಹಿಡಿದವರು ಮೊದಲ ಪುಟಗಳಲ್ಲೇ ಬಳಲುವುದುಂಟು. ಅಂಥವರು ಇದೇ ಲೇಖಕರ ಕೆಂಪು ಹೊದಿಕೆಯ 'ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್' ಮುಗಿಸಿಕೊಂಡು ಬರುವುದು ಲೇಸು. ನೀಲಿಯದು ಮಧ್ಯಮ ಹಂತದವರಿಗೆ. ಹಸಿರು ಹೊದಿಕೆಯ 'ಅಡ್ವಾನ್ಸ್ಡ್' ಪುಸ್ತಕ ಮಾರ್ಟಿನ್ ಹ್ಯೂವಿಂಗ್ಸ್ ಅವರದು, ಜೆರಂಡಿನ ಮೂಲಪಾಠಕ್ಕಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲ.

ಕೊಳ್ಳುವಾಗ ಗಮನಿಸಬೇಕಾದ ಮುಖ್ಯ ಸಂಗತಿ, ಉತ್ತರಗಳಿರುವ ಮತ್ತು ಉತ್ತರಗಳಿಲ್ಲದ ಎರಡು ಬಗೆಯ ಪ್ರತಿಗಳು ಮಾರಾಟಕ್ಕಿವೆ ಎಂಬುದು. ಸ್ವಂತವಾಗಿ ಕಲಿಯುವವರು ಹೊದಿಕೆಯ ಮೇಲೆ 'ವಿತ್ ಆನ್ಸರ್ಸ್' ಎಂದಿರುವುದನ್ನು ನೋಡಿಯೇ ಕೊಳ್ಳಬೇಕು. ಇ-ಬುಕ್ ಸೇರಿದ ಪ್ರತಿಗೆ ಹೆಚ್ಚು ಬೆಲೆ. ಜೆರಂಡಿನ ಮಟ್ಟಿಗೆ ಮುದ್ರಿತ ಪುಸ್ತಕವೇ ಸಾಕು. ರಸ್ತೆ ಬದಿಯಲ್ಲಿ ಮಾರುವ ನಕಲು ಮುದ್ರಣಗಳಲ್ಲಿ ಬಣ್ಣ ಮಾಸಿ, ಒತ್ತಿ ಹೇಳಬೇಕಾದ 'ಇಂಗ್' ಅಕ್ಷರಗಳೇ ಉಳಿದವುಗಳಲ್ಲಿ ಕಲಸಿಹೋಗಿರುತ್ತವೆ, ಅವು ಬೇಡ. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಸಿಗುವ ಹಳೆಯ ಅಸಲಿ ಪ್ರತಿ ಅದಕ್ಕಿಂತ ಎಷ್ಟೋ ಮೇಲು. 2004ರ ಮೂರನೆಯ ಆವೃತ್ತಿಯಲ್ಲೂ 2012ರ ನಾಲ್ಕನೆಯ ಆವೃತ್ತಿಯಲ್ಲೂ ಈ ಭಾಗ 53ನೆಯ ಘಟಕದಿಂದಲೇ ಆರಂಭವಾಗುವುದರಿಂದ, ತರಗತಿಯಲ್ಲಿ ಬೇರೆಬೇರೆ ಆವೃತ್ತಿಗಳನ್ನು ಹಿಡಿದು ಕುಳಿತವರಿಗೂ ತೊಡಕಾಗುವುದಿಲ್ಲ. ಒಂದೇ ಒಂದು ಷರತ್ತು: ಹಿಂದಿನ ಒಡೆಯರು ಬಲಪುಟದ ಖಾಲಿ ಜಾಗಗಳನ್ನು ಪೆನ್ನಿನಲ್ಲಿ ತುಂಬಿಲ್ಲವೆಂದು 53ರಿಂದ 68ರವರೆಗೆ ತಿರುವಿ ನೋಡಿಕೊಂಡು ಹಣ ಕೊಡಿ, ಪೆನ್ಸಿಲಿನಲ್ಲಿ ತುಂಬಿದ್ದರೆ ರಬ್ಬರಿನಿಂದ ಅಳಿಸಿಕೊಳ್ಳಬಹುದು.